ದೊಡ್ಡಪ್ಪನ ಡಿಡಿ-214: ಅಮೆರಿಕದ ರಾಜ್ಯ ವೆಟರನ್ಸ್ ಹೋಮ್‌ಗೆ ಹಿರಿಯರನ್ನು ಸೇರಿಸುವ ಪೂರ್ತಿ ದಾರಿ

ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಡಾಕ್ಟರಿಕೆ ಓದಿ 1968ರಲ್ಲಿ ಅಮೆರಿಕಕ್ಕೆ ಬಂದವರು. ಗ್ರೀನ್ ಕಾರ್ಡ್ ಕೈಗೆ ಬಂತು, ಅದರ ಹಿಂದೆಯೇ ಸೇನೆಯ ಕರೆಯೂ ಬಂತು. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಡಾಕ್ಟರುಗಳನ್ನು ಬೇರೆಯಾಗಿಯೇ ಕಡ್ಡಾಯ ಸೇವೆಗೆ ಎಳೆದುಕೊಳ್ಳುತ್ತಿದ್ದರು. ಪೌರತ್ವ ಇಲ್ಲದಿದ್ದರೂ ಗ್ರೀನ್ ಕಾರ್ಡ್ ಇದ್ದವರಿಗೆ ಕರೆ ತಪ್ಪುತ್ತಿರಲಿಲ್ಲ. ಎರಡು ವರ್ಷ ಸೇವೆ ಮಾಡಿದರು, ಅದರಲ್ಲಿ ಒಂದು ವರ್ಷ ವಿಯೆಟ್ನಾಂನ ಮಿಲಿಟರಿ ಆಸ್ಪತ್ರೆಯಲ್ಲಿ. ವಾಪಸ್ ಬಂದ ಮೇಲೆ ಆ ವಿಷಯ ಮನೆಯಲ್ಲಿ ಹೆಚ್ಚು ಎತ್ತಲೇ ಇಲ್ಲ.

2023ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮನೆಗೆ ಕಳಿಸುವ ಸ್ಥಿತಿ ಇರಲಿಲ್ಲ. ಆಸ್ಪತ್ರೆಯ ಸೋಶಿಯಲ್ ವರ್ಕರ್ ನರ್ಸಿಂಗ್ ಹೋಮ್‌ಗಳ ಪಟ್ಟಿ ಕೊಡುತ್ತಾ, ಸುಮ್ನೆ ಕೇಳಿದ ಹಾಗೆ, "ಇವರು ಯಾವಾಗಲಾದರೂ ಮಿಲಿಟರಿಯಲ್ಲಿ ಇದ್ದರಾ?" ಅಂದರು. ನಾನು ಇಲ್ಲ ಅನ್ನುವವನಿದ್ದೆ. ದೊಡ್ಡಮ್ಮ ತಡೆದು, "ಇದ್ದರಲ್ಲೋ, ಆ ಹಸಿರು ಟ್ರಂಕಲ್ಲಿ ಕಾಗದ ಇದೆ" ಅಂದರು. ಮುಂದೆ ನಡೆದದ್ದೆಲ್ಲ ಆ ಕಾಗದದಿಂದ.

ಅಮೆರಿಕದ ಮಾಜಿ ಸೈನಿಕರನ್ನು, ಅಂದರೆ ವೆಟರನ್‌ಗಳನ್ನು, ರಾಜ್ಯ ಸರ್ಕಾರದ ಹೋಮ್‌ಗೆ ಸೇರಿಸುವ ಬಗ್ಗೆ ಈ ಎರಡು ವರ್ಷದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಅಮೆರಿಕದ ಸೇನೆಯಲ್ಲಿದ್ದ ಹಿರಿಯರು ಇದ್ದರೆ, ಅಥವಾ ಅಳಿಯನ ಕಡೆಯ ಅಜ್ಜನೋ ಪಕ್ಕದ ಮನೆಯವರೋ ಇದ್ದರೆ, ಅವರು ಗಟ್ಟಿಯಾಗಿರುವಾಗಲೇ ಇದನ್ನು ಓದಿ. ಬಿದ್ದ ಮೇಲೆ ಓಡಾಡುವುದು ಬಹಳ ಕಷ್ಟ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನನ್ನನ್ನು ಬಹಳ ಜನ ಕೇಳಿದ್ದಾರೆ. ಅಪ್ಪ ಭಾರತೀಯ ಸೇನೆಯಲ್ಲಿದ್ದು ರಿಟೈರ್ ಆಗಿ, ಈಗ ಮಕ್ಕಳ ಜೊತೆ ಇಲ್ಲಿ ಇದ್ದರೆ ಈ ಸೌಲಭ್ಯ ಅವರಿಗೆ ಸಿಗುವುದಿಲ್ಲ. ಅವರದು ಇಸಿಎಚ್‌ಎಸ್ ಅನ್ನುವ ಮಾಜಿ ಸೈನಿಕರ ಆರೋಗ್ಯ ಯೋಜನೆ, ಅದು ಭಾರತದಲ್ಲಿ. ಇಲ್ಲಿ ಲೆಕ್ಕಕ್ಕೆ ಬರುವುದು ಅಮೆರಿಕದ ಸೇನೆಯ ಸೇವೆ.

ಮೊದಲು, ಇದು ಯಾರ ಮನೆ?

ವೆಟರನ್‌ಗಳಿಗೆ ನರ್ಸಿಂಗ್ ಆರೈಕೆ ಮುಖ್ಯವಾಗಿ ಮೂರು ಕಡೆ ಸಿಗುತ್ತದೆ. ಒಂದು, ಕೇಂದ್ರದ ವೆಟರನ್ಸ್ ಇಲಾಖೆಯೇ ನಡೆಸುವ ಕಮ್ಯುನಿಟಿ ಲಿವಿಂಗ್ ಸೆಂಟರ್. ಆ ಇಲಾಖೆಯನ್ನು ಎಲ್ಲರೂ ವಿಎ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಎರಡು, ವಿಎ ಒಪ್ಪಂದ ಮಾಡಿಕೊಂಡಿರುವ ಖಾಸಗಿ ನರ್ಸಿಂಗ್ ಹೋಮ್. ಮೂರನೆಯದು ಸ್ಟೇಟ್ ವೆಟರನ್ಸ್ ಹೋಮ್. ಈ ಬರಹ ಮೂರನೆಯದರ ಬಗ್ಗೆ.

ಇದರ ಮಾಲೀಕ ರಾಜ್ಯ ಸರ್ಕಾರ. ಒಳಗೆ ಯಾರನ್ನು ಬಿಡಬೇಕು, ಎಷ್ಟು ಹಣ ತೆಗೆದುಕೊಳ್ಳಬೇಕು ಅಂತ ತೀರ್ಮಾನ ಮಾಡುವುದೂ ರಾಜ್ಯವೇ. ವಿಎ ಮೂರು ಕೆಲಸ ಮಾಡುತ್ತದೆ. ಅಲ್ಲಿರುವ ಅರ್ಹ ವೆಟರನ್ ಒಬ್ಬರಿಗೆ ದಿನಕ್ಕೆ ಇಷ್ಟು ಅಂತ ರಾಜ್ಯಕ್ಕೆ ಹಣ ಕೊಡುತ್ತದೆ. ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡುತ್ತದೆ. ಕಟ್ಟಡ ಕಟ್ಟಲು ಖರ್ಚಿನ ಶೇ 65ರವರೆಗೂ ಕೊಡುತ್ತದೆ, ಉಳಿದದ್ದು ರಾಜ್ಯದ್ದು.

ಇದು ಹಳೆಯ ಪದ್ಧತಿ. ಅಂತರ್ಯುದ್ಧ ಇನ್ನೂ ಮುಗಿದಿರಲಿಲ್ಲ, 1864ರಲ್ಲೇ ಕನೆಟಿಕಟ್‌ನಲ್ಲಿ ಫಿಚ್ಸ್ ಹೋಮ್ ಅಂತ ಮೊದಲನೆಯದು ಶುರುವಾಯಿತು. ಗಾಯಗೊಂಡ ಸೈನಿಕರು ಊರೂರಿಗೆ ಬಂದಾಗ ಅವರನ್ನು ನೋಡಿಕೊಳ್ಳುವ ಭಾರ ರಾಜ್ಯಗಳ ಮೇಲೆ ಬಿತ್ತು. 1888ರಲ್ಲಿ ಕೇಂದ್ರ, ಒಬ್ಬ ಸೈನಿಕನಿಗೆ ವರ್ಷಕ್ಕೆ 100 ಡಾಲರ್ ಕೊಡಲು ಒಪ್ಪಿತು. ವಿಎ ಇಂದು ಕೊಡುವ ದಿನದ ಹಣದ ಲೆಕ್ಕಕ್ಕೆ ಅದೇ ಬೇರು. ಈಗ 50 ರಾಜ್ಯಗಳು ಮತ್ತು ಪೋರ್ಟೊ ರಿಕೋದಲ್ಲಿ ಸೇರಿ 160ಕ್ಕೂ ಹೆಚ್ಚು ಹೋಮ್‌ಗಳಿವೆ. ನಮ್ಮವರು ಜಾಸ್ತಿ ಇರುವ ನ್ಯೂಜೆರ್ಸಿಯ ಎಡಿಸನ್‌ನಲ್ಲೂ ಒಂದಿದೆ. ಓಕ್ ಟ್ರೀ ರೋಡಿಗೆ ದೋಸೆ ತಿನ್ನಲು ಹೋಗುವವರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ.

ಒಬ್ಬೊಬ್ಬ ಮಾಲೀಕನದು ಒಂದೊಂದು ರೀತಿ ಅಲ್ವಾ, ಹಾಗೇ ಇದು. ಕೆಲವು ರಾಜ್ಯಗಳು ತಾವೇ ನಡೆಸುತ್ತವೆ. ಟೆಕ್ಸಾಸ್‌ನಂಥ ಕಡೆ ದಿನನಿತ್ಯದ ಕೆಲಸವನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಯೌಂಟ್‌ವಿಲ್ ಸೇರಿ 8 ಹೋಮ್‌ಗಳಿವೆ. ಹಾಗಾಗಿ ಡಲಾಸ್‌ನ ಗೆಳೆಯ ಹೇಳಿದ ನಿಯಮ ನಿಮ್ಮ ರಾಜ್ಯಕ್ಕೆ ಹೊಂದುತ್ತದೆ ಅಂದುಕೊಳ್ಳಬೇಡಿ. ನಿಮ್ಮ ರಾಜ್ಯದ ವೆಟರನ್ಸ್ ಇಲಾಖೆಗೆ ಫೋನ್ ಮಾಡಿ ಮೊದಲು ಮೂರು ಪ್ರಶ್ನೆ ಕೇಳಿ: ಇಲ್ಲಿ ಎಷ್ಟು ದಿನದಿಂದ ವಾಸವಿರಬೇಕು, ವಯಸ್ಸಿನ ಮಿತಿ ಇದೆಯಾ, ಹೆಂಡತಿಯನ್ನೂ ಸೇರಿಸಿಕೊಳ್ಳುತ್ತೀರಾ.

ಹೆಂಡತಿಯ ಪ್ರಶ್ನೆ ನಮಗೂ ಬಂತು. ವಿಎ ಹಣದಲ್ಲಿ ಕಟ್ಟಿದ ಹೋಮ್‌ನಲ್ಲಿ ಕನಿಷ್ಠ ಶೇ 75ರಷ್ಟು ವೆಟರನ್‌ಗಳೇ ಇರಬೇಕು. ಉಳಿದ ಜಾಗ ಗಂಡ ಅಥವಾ ಹೆಂಡತಿಗೆ, ಮತ್ತೆ ಸೇವೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗೆ. ಆದರೆ ಹೆಂಡತಿಯ ಪಾಲಿಗೆ ವಿಎ ದಿನದ ಹಣ ಕೊಡುವುದಿಲ್ಲ. ಹಾಗಾಗಿ ಪಕ್ಕದ ಹಾಸಿಗೆಯಲ್ಲೇ ಮಲಗಿದರೂ ಅವರ ಬಿಲ್ ಗಂಡನ ಬಿಲ್ಲಿಗಿಂತ ಜಾಸ್ತಿ ಬರಬಹುದು.

ಹೆಜ್ಜೆ 1: ಟ್ರಂಕು ತೆರೆಯಿರಿ

ಎಲ್ಲಕ್ಕಿಂತ ಮೊದಲು ಬೇಕಾದದ್ದು ಡಿಡಿ-214. ಸೇವೆ ಮುಗಿದಾಗ ಕೊಡುವ ಬಿಡುಗಡೆ ಪತ್ರ. ಯಾವಾಗ ಸೇರಿದರು, ಯಾವಾಗ ಬಿಟ್ಟರು, ಎಲ್ಲಿ ಇದ್ದರು, ಯಾವ ರೀತಿಯ ಡಿಸ್ಚಾರ್ಜ್, ಎಲ್ಲ ಅದರಲ್ಲಿ ಇರುತ್ತದೆ. ಡಿಸ್ಚಾರ್ಜ್ ಗೌರವದಿಂದ ಆಗಿದ್ದರೆ ತೊಂದರೆ ಇಲ್ಲ. 1980ರ ಸೆಪ್ಟೆಂಬರ್ 7ರ ನಂತರ ಸೇರಿದವರಿಗೆ ಸಾಮಾನ್ಯವಾಗಿ 24 ತಿಂಗಳ ಸತತ ಸೇವೆ ಆಗಿರಬೇಕು ಅನ್ನುವ ನಿಯಮವೂ ಇದೆ, ಅದಕ್ಕೆ ಕೆಲವು ವಿನಾಯಿತಿಗಳಿವೆ.

ಕಾಗದ ಕಳೆದುಹೋಗಿದ್ದರೆ ಎಸ್‌ಎಫ್-180 ಅನ್ನುವ ಫಾರ್ಮ್ ತುಂಬಿ, ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಿಂದ ತರಿಸಿಕೊಳ್ಳಬಹುದು. ಆನ್‌ಲೈನ್‌ನಲ್ಲೂ ಕೇಳಬಹುದು. ಆದರೆ 1973ರ ಜುಲೈ 12ರಂದು ಅಲ್ಲಿ ದೊಡ್ಡ ಬೆಂಕಿ ಬಿತ್ತು. 1912ರಿಂದ 1960ರ ನಡುವೆ ಬಿಡುಗಡೆಯಾದ ಆರ್ಮಿಯವರ ಕಡತಗಳಲ್ಲಿ ಸುಮಾರು ಶೇ 80 ಸುಟ್ಟುಹೋದವು. 1964ಕ್ಕಿಂತ ಮುಂಚೆ ಬಿಟ್ಟ ಏರ್‌ಫೋರ್ಸ್‌ನವರದೂ ಬಹಳಷ್ಟು ಹೋಯಿತು. ಕೊರಿಯಾ ಯುದ್ಧದ ಕಾಲದವರು ನಿಮ್ಮ ಮನೆಯಲ್ಲಿದ್ದರೆ ಸಂಬಳದ ಚೀಟಿ, ಹಳೆಯ ಪತ್ರ, ಯೂನಿಟ್‌ನ ಫೋಟೋ, ಏನೂ ಬಿಸಾಡಬೇಡಿ. ಅವುಗಳಿಂದಲೇ ಸೇವೆಯನ್ನು ಮತ್ತೆ ರುಜುವಾತು ಮಾಡಬೇಕಾಗುತ್ತದೆ. ದೊಡ್ಡಪ್ಪ ಬಿಟ್ಟದ್ದು ಎಪ್ಪತ್ತರ ದಶಕದಲ್ಲಿ, ನಮಗೆ ಆ ಕಾಟ ಇರಲಿಲ್ಲ.

ನಮಗಿದ್ದ ಕಾಟ ಬೇರೆ. ಹೆಸರು! ನಮ್ಮವರ ಹೆಸರಿನ ಇನಿಷಿಯಲ್‌ಗಳು ಅಮೆರಿಕದ ಫಾರ್ಮುಗಳಿಗೆ ಎಂದೂ ಹೊಂದಿಕೊಂಡಿಲ್ಲ. ಡಿಡಿ-214ರಲ್ಲಿ ದೊಡ್ಡಪ್ಪನ ಊರಿನ ಹೆಸರೇ ಮೊದಲ ಹೆಸರಾಗಿತ್ತು. ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಕಾರ್ಡಿನಲ್ಲಿ ಅವರ ಅಪ್ಪನ ಹೆಸರು ಕೊನೆಗೆ. ಪಾಸ್‌ಪೋರ್ಟಿನಲ್ಲಿ ಮೂರನೆಯ ರೀತಿ. ಮೂವರೂ ಒಬ್ಬರೇ ಅಂತ ನಂಬಿಸುವ ಹೊಣೆ ನಮ್ಮದಾಯಿತು. ಪೌರತ್ವ ಪಡೆದಾಗಿನ ಸರ್ಟಿಫಿಕೇಟ್, ಹೆಸರು ಬದಲಿಸಿದ್ದರೆ ಅದರ ಆದೇಶ, ನೋಟರಿ ಮುಂದೆ ಮಾಡಿಸಿದ ಅಫಿಡವಿಟ್, ಇವನ್ನು ಈಗಲೇ ಒಟ್ಟಿಗೆ ಇಡಿ. ಡಿಡಿ-214ರಲ್ಲೇ ತಪ್ಪಿದ್ದರೆ ಡಿಡಿ-149 ಅರ್ಜಿ ಹಾಕಿ ತಿದ್ದಿಸಬಹುದು. ತಿದ್ದುಪಡಿ ಡಿಡಿ-215 ಅನ್ನುವ ಬೇರೆ ಹಾಳೆಯಾಗಿ ಬರುತ್ತದೆ. ಸಮಯ ಹಿಡಿಯುತ್ತದೆ.

ಮದುವೆಯ ದಾಖಲೆ ಇನ್ನೊಂದು. 1960ರ ದಶಕದಲ್ಲಿ ಛತ್ರದಲ್ಲೋ ಮನೆಯ ಚಪ್ಪರದಲ್ಲೋ ಆದ ಮದುವೆಗೆ ರಿಜಿಸ್ಟ್ರೇಷನ್ ಎಲ್ಲಿಂದ ತರೋಣ? ಮದುವೆ ಕಣ್ಣಾರೆ ಕಂಡ ಇಬ್ಬರ ಪ್ರಮಾಣಪತ್ರವನ್ನು ವಿಎ ಸಾಕ್ಷಿಯಾಗಿ ಪರಿಗಣಿಸುತ್ತದೆ. ಆದರೆ ಆ ಇಬ್ಬರು ಬದುಕಿರಬೇಕು. ನಾವು ಶಿವಮೊಗ್ಗದಲ್ಲಿರುವ ಅತ್ತೆಯ ಹತ್ತಿರ ಒಂದು ಬರೆಸಿದೆವು, ಜೊತೆಗೆ ಲಗ್ನಪತ್ರಿಕೆ, ಅದರ ಅನುವಾದ ಇಟ್ಟೆವು. ಹಿರಿಯರು ಇರುವಾಗಲೇ ಇದನ್ನು ಮಾಡಿಸಿಡಿ.

ಹೆಜ್ಜೆ 2: ಯಾವ ಮಟ್ಟದ ಆರೈಕೆ ಬೇಕು?

ಇದು ಬೇಗ ಮುಗಿಯುವ ಹೆಜ್ಜೆ. ರಾಜ್ಯದ ಹೋಮ್‌ಗಳಿಗೆ ವಿಎ ಮೂರು ಬಗೆಯ ಆರೈಕೆಗೆ ಹಣ ಕೊಡುತ್ತದೆ. ಒಂದು, ನರ್ಸಿಂಗ್ ಆರೈಕೆ. ಎರಡು, ತನ್ನ ಕೆಲಸ ತಾನೇ ಮಾಡಿಕೊಳ್ಳಬಲ್ಲ, ಆದರೆ ಒಂಟಿಯಾಗಿ ಬಾಳಲು ಆಗದವರಿಗೆ ಡೊಮಿಸಿಲಿಯರಿ ಅನ್ನುವ ವಸತಿ. ಮೂರು, ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವ ದಿನದ ಆರೈಕೆ. ಎಲ್ಲ ಹೋಮ್‌ನಲ್ಲೂ ಮೂರೂ ಇರುವುದಿಲ್ಲ.

ಅವರು ಕೇಳುವುದು ಇಷ್ಟು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಬಚ್ಚಲಿಗೆ ಹೋಗುವುದು, ಮಲಮೂತ್ರದ ಹಿಡಿತ. ಇದರಲ್ಲಿ ಯಾವುದಕ್ಕೆ ಇನ್ನೊಬ್ಬರ ಕೈ ಬೇಕು? ಇಲ್ಲಿ ನಮ್ಮ ಹಿರಿಯರು ಒಂದು ತಪ್ಪು ಮಾಡುತ್ತಾರೆ. ಡಾಕ್ಟರ್ ಕೇಳಿದಾಗ ಮರ್ಯಾದೆಗೆ ಅಂಜಿ "ಎಲ್ಲ ನಾನೇ ಮಾಡ್ಕೋತೀನಿ" ಅನ್ನುತ್ತಾರೆ. ದೊಡ್ಡಪ್ಪನೂ ಹಾಗೇ ಅಂದರು. ಹಿಂದೆ ನಿಂತಿದ್ದ ದೊಡ್ಡಮ್ಮ ತಲೆ ಅಲ್ಲಾಡಿಸುತ್ತಿದ್ದರು. ಒಂದು ವಾರ ಏನೇನಕ್ಕೆ ಸಹಾಯ ಬೇಕಾಯಿತು ಅಂತ ಮನೆಯವರು ಪುಸ್ತಕದಲ್ಲಿ ಬರೆದಿಟ್ಟು ಅದನ್ನೇ ಡಾಕ್ಟರಿಗೆ ಕೊಡಿ.

ಹೆಜ್ಜೆ 3: 70 ಅನ್ನುವ ಸಂಖ್ಯೆ

ಇಡೀ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳಬೇಕು ಅಂದರೆ ಇದನ್ನು ಇಟ್ಟುಕೊಳ್ಳಿ.

ಸೇವೆಯಿಂದ ಬಂದ ಕಾಯಿಲೆ ಅಥವಾ ಗಾಯಕ್ಕೆ ವಿಎ ಶೇಕಡಾವಾರು ರೇಟಿಂಗ್ ಕೊಡುತ್ತದೆ. 10, 20, 30, ಹೀಗೆ 100ರವರೆಗೆ. ಒಟ್ಟು ರೇಟಿಂಗ್ 70 ಅಥವಾ ಅದಕ್ಕಿಂತ ಹೆಚ್ಚಿದ್ದು ನರ್ಸಿಂಗ್ ಆರೈಕೆ ಬೇಕಾಗಿದ್ದರೆ, ರಾಜ್ಯದ ಹೋಮ್‌ನ ಪೂರ್ತಿ ಖರ್ಚನ್ನು ವಿಎ ಕೊಡುತ್ತದೆ. ಮನೆಯವರು ಒಂದು ಡಾಲರೂ ಕೊಡಬೇಕಾಗಿಲ್ಲ. ಕಾಯಿಲೆಯಿಂದ ದುಡಿಯಲು ಆಗುವುದೇ ಇಲ್ಲ ಅಂತ ತೀರ್ಮಾನವಾಗಿ ಪೂರ್ಣ ಅಂಗವಿಕಲರ ಲೆಕ್ಕದಲ್ಲಿರುವವರಿಗೂ ಹೀಗೇ. ರೇಟಿಂಗ್ ಎಷ್ಟೇ ಇರಲಿ, ಸೇವೆಯಿಂದ ಬಂದ ಆ ಕಾಯಿಲೆಗಾಗಿಯೇ ನರ್ಸಿಂಗ್ ಆರೈಕೆ ಬೇಕಾಗಿದ್ದರೆ ಅವರಿಗೂ ಇದು ಅನ್ವಯ. ಬಾಕಿಯವರಿಗೆ ವಿಎ ಕೊಡುವುದು ಮೂಲ ದಿನದ ದರ ಮಾತ್ರ. ಅದು ದಿನದ ಖರ್ಚಿನ ಅರ್ಧ ದಾಟುವ ಹಾಗಿಲ್ಲ. ಉಳಿದದ್ದು ನಿಮ್ಮ ಜೇಬಿನಿಂದ ಅಥವಾ ಮೆಡಿಕೇಡ್‌ನಿಂದ, ಅಂದರೆ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ನೆರವಿನಿಂದ.

ಹಾಗಾಗಿ 60 ಮತ್ತು 70ರ ನಡುವೆ ಒಂದು ಮನೆ ಮಾರುವಷ್ಟು ವ್ಯತ್ಯಾಸ ಇದೆ.

ದೊಡ್ಡಪ್ಪನಿಗೆ ರೇಟಿಂಗೇ ಇರಲಿಲ್ಲ. ಐವತ್ತು ವರ್ಷದಲ್ಲಿ ಒಮ್ಮೆಯೂ ಅರ್ಜಿ ಹಾಕಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಹೃದಯದ ರಕ್ತನಾಳದ ತೊಂದರೆ ಇತ್ತು, ಬಿಪಿ ಇತ್ತು. ನಮ್ಮ ಮನೆತನದಲ್ಲಿ ಇವು ಯಾರಿಗೆ ಇಲ್ಲ ಹೇಳಿ? ಹಾಗಾಗಿ ಯಾರೂ ಯೋಚನೆ ಮಾಡಲಿಲ್ಲ. ವಿಯೆಟ್ನಾಂನಲ್ಲಿ ಕಾಡಿನ ಎಲೆ ಉದುರಿಸಲು ಅಮೆರಿಕದ ಸೇನೆ ಏಜೆಂಟ್ ಆರೆಂಜ್ ಅನ್ನುವ ರಾಸಾಯನಿಕ ಚೆಲ್ಲಿತ್ತು. 1962ರ ಜನವರಿ 9ರಿಂದ 1975ರ ಮೇ 7ರ ನಡುವೆ ಆ ನೆಲದಲ್ಲಿ ಇದ್ದವರಿಗೆ ಕೆಲವು ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂತು ಅಂತ ಕಾನೂನು ಊಹಿಸಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಇದೆ, ಪ್ರಾಸ್ಟೇಟ್ ಕ್ಯಾನ್ಸರ್ ಇದೆ. 2010ರಲ್ಲಿ ಹೃದಯದ ಇಸ್ಕೀಮಿಕ್ ಕಾಯಿಲೆ (ರಕ್ತನಾಳದ ತೊಂದರೆ) ಮತ್ತು ಪಾರ್ಕಿನ್ಸನ್ ಸೇರಿದವು. 2022ರ ಆಗಸ್ಟ್‌ನಲ್ಲಿ ಬಂದ ಪ್ಯಾಕ್ಟ್ ಕಾಯ್ದೆಯಿಂದ ಬಿಪಿಯೂ ಸೇರಿತು.

ದೊಡ್ಡಪ್ಪ ಒಪ್ಪಲಿಲ್ಲ. "ನಂಗೆ ಶುಗರ್ ಬಂದಿದ್ದು ನಮ್ಮಪ್ಪನಿಂದ ಕಣೋ, ವಿಯೆಟ್ನಾಂನಿಂದ ಅಲ್ಲ. ಡಾಕ್ಟರ್ ಆಗಿ ಸುಳ್ಳು ಹೇಳಲಾ?" ಅಂದರು. ಎರಡು ವಾರ ಇದೇ ವಾದ. ಕೊನೆಗೆ ಸಹಾಯಕ್ಕೆ ಬಂದಿದ್ದ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ವೆಟರನ್ಸ್ ಅಧಿಕಾರಿ, ತಾನೂ ವಿಯೆಟ್ನಾಂಗೆ ಹೋಗಿ ಬಂದವನು, ಅವರ ಪಕ್ಕ ಕೂತು ಹೇಳಿದ: "ಡಾಕ್ಟ್ರೇ, ಫಾರ್ಮಿನಲ್ಲಿ ಕಾಯಿಲೆ ಯಾಕೆ ಬಂತು ಅಂತ ಕೇಳಿಲ್ಲ. ನೀವು ಎಲ್ಲಿದ್ದಿರಿ ಅಂತ ಕೇಳಿದ್ದಾರೆ." ಸಹಿ ಹಾಕಿದರು.

ಈಗ ಲೆಕ್ಕ. ಹೃದಯಕ್ಕೆ 60 ಬಂತು, ಸಕ್ಕರೆಗೆ 20. ಕೂಡಿದರೆ 80 ಅಲ್ವಾ? ಅಲ್ಲ. ವಿಎ ಕೂಡುವುದಿಲ್ಲ. 60 ಹೋದ ಮೇಲೆ ಉಳಿದ ಆರೋಗ್ಯ 40. ಆ 40ರಲ್ಲಿ ಶೇ 20 ಅಂದರೆ 8. ಅಲ್ಲಿಗೆ 68. ಅದನ್ನು ಹತ್ತಿರದ ಹತ್ತಕ್ಕೆ ತಂದರೆ 70. ಇದೇ ಥರ 40 ಮತ್ತು 30 ಇದ್ದವರಿಗೆ 70 ಬರುವುದಿಲ್ಲ. 58 ಆಗಿ 60ಕ್ಕೆ ನಿಲ್ಲುತ್ತದೆ. ಅಂಥವರಿಗೆ ಇನ್ನೊಂದು 20 ಸಿಕ್ಕರೆ 66 ಆಗಿ 70 ಮುಟ್ಟುತ್ತದೆ. ಸಕ್ಕರೆಯಿಂದ ಕಾಲಿನ ನರ ಜೋಮು ಹಿಡಿದಿದ್ದರೆ ಅದನ್ನೂ ಬೇರೆಯಾಗಿ ಬರೆಸಿ. ಅದಕ್ಕೆ ಬೇರೆ ರೇಟಿಂಗ್ ಬರುತ್ತದೆ. ಇದನ್ನು ಬಿಟ್ಟವರೇ ಜಾಸ್ತಿ.

ಮಾಡಬೇಕಾದ ಕೆಲಸ ಹೀಗೆ. ಮೊದಲ ದಿನವೇ 21-0966 ಫಾರ್ಮ್ ಹಾಕಿ. ಅರ್ಜಿ ಹಾಕುವ ಉದ್ದೇಶ ಇದೆ ಅಂತ ತಿಳಿಸುವ ಫಾರ್ಮ್ ಅದು. ಒಂದು ವರ್ಷದ ಒಳಗೆ ಪೂರ್ತಿ ಅರ್ಜಿ ಹಾಕಿ ಅದು ಮಂಜೂರಾದರೆ ಹಣ ಈ ದಿನದಿಂದ ಲೆಕ್ಕವಾಗುತ್ತದೆ. ಆಮೇಲೆ ನಿಧಾನವಾಗಿ ಆಸ್ಪತ್ರೆಯ ದಾಖಲೆ ಕೂಡಿಸಿ ಪೂರ್ತಿ ಅರ್ಜಿಯ ಫಾರ್ಮ್ 21-526ಇಝಡ್ ತುಂಬಿ. ಸಹಾಯಕ್ಕೆ ಕೌಂಟಿಯ ವೆಟರನ್ಸ್ ಸರ್ವಿಸ್ ಅಧಿಕಾರಿ ಇರುತ್ತಾರೆ. ಅಮೆರಿಕನ್ ಲೀಜನ್, ಡಿಎವಿ, ವಿಎಫ್‌ಡಬ್ಲ್ಯು ಅನ್ನುವ ಮಾಜಿ ಸೈನಿಕರ ಸಂಘಗಳ ಪ್ರತಿನಿಧಿಗಳೂ ಇರುತ್ತಾರೆ. ಎಲ್ಲ ಪುಕ್ಕಟೆ. ಮೊದಲ ಅರ್ಜಿ ಹಾಕಿಕೊಡಲು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಮೊದಲ ಅರ್ಜಿಗೆ ಫೀಸು ತೆಗೆದುಕೊಳ್ಳುವ ಹಾಗಿಲ್ಲ.

ಹೆಜ್ಜೆ 4: 70 ಬರದಿದ್ದರೆ ದುಡ್ಡು ಎಲ್ಲಿಂದ?

ರಾಜ್ಯ ಕೇಳುವ ಪಾಲು ಒಂದೊಂದು ಕಡೆ ಒಂದೊಂದು. ಕೆಲವು ಕಡೆ ದಿನಕ್ಕೆ ಇಷ್ಟು ಅಂತ ನಿಗದಿ. ಕ್ಯಾಲಿಫೋರ್ನಿಯಾದಲ್ಲಿ ಆದಾಯದ ಪಾಲು, ನರ್ಸಿಂಗ್ ಹಂತದಲ್ಲಿ ಶೇ 70. ಹೆಚ್ಚಿನ ಕಡೆ ಇದು ಅದೇ ಊರಿನ ಖಾಸಗಿ ನರ್ಸಿಂಗ್ ಹೋಮ್‌ಗಿಂತ ಕಡಿಮೆಯೇ ಬೀಳುತ್ತದೆ.

ಯುದ್ಧಕಾಲದಲ್ಲಿ ಸೇವೆಯಲ್ಲಿದ್ದು, ಈಗ ಆದಾಯ ಕಡಿಮೆ ಇರುವವರಿಗೆ ವಿಎ ಪೆನ್ಷನ್ ಇದೆ. ಅದರ ಮೇಲೆ, ದಿನದ ಕೆಲಸಕ್ಕೆ ಇನ್ನೊಬ್ಬರ ಕೈ ಬೇಕಾದವರಿಗೆ ಏಡ್ ಅಂಡ್ ಅಟೆಂಡೆನ್ಸ್ ಅನ್ನುವ ಹೆಚ್ಚುವರಿ ಹಣ, ಅದಕ್ಕೆ ಡಾಕ್ಟರ್ ತುಂಬುವ 21-2680 ಫಾರ್ಮ್. ಹೆಂಡತಿ ಮಕ್ಕಳಿಲ್ಲದ ವೆಟರನ್ ಮೆಡಿಕೇಡ್ ಮೇಲೆ ಸಾಮಾನ್ಯ ನರ್ಸಿಂಗ್ ಹೋಮ್ ಸೇರಿದರೆ ಈ ಪೆನ್ಷನ್ ತಿಂಗಳಿಗೆ 90 ಡಾಲರಿಗೆ ಇಳಿಯುತ್ತದೆ. ರಾಜ್ಯದ ವೆಟರನ್ಸ್ ಹೋಮ್ ಸೇರಿದವರಿಗೆ ಆ ಕಡಿತ ಇಲ್ಲ. ಖಾಸಗಿಯೋ ರಾಜ್ಯದ್ದೋ ಅಂತ ತೂಗುವಾಗ ಇದನ್ನೂ ತಕ್ಕಡಿಗೆ ಹಾಕಿ.

ಮೆಡಿಕೇಡ್ ಬೇಕಾಗಬಹುದು ಅನ್ನಿಸಿದರೆ ಮೈಸೂರಿನ ಸೈಟಿನ ವಿಷಯ ಮಾತಾಡಲೇಬೇಕು. ಬೆಂಗಳೂರಿನ ಫ್ಲ್ಯಾಟು, ಊರಿನ ತೋಟ, ಬ್ಯಾಂಕಿನ ಡಿಪಾಸಿಟ್, ಭಾರತದಲ್ಲಿರುವುದೂ ಆಸ್ತಿಯೇ, ಹೇಳಲೇಬೇಕು. "ಅದು ಅಲ್ಲಿ ಇದೆ, ಇವರಿಗೆ ಹೇಗೆ ಗೊತ್ತಾಗುತ್ತೆ" ಅನ್ನುವ ಸಲಹೆ ಕೊಡುವ ನೆಂಟರು ಇದ್ದೇ ಇರುತ್ತಾರೆ. ಕೇಳಬೇಡಿ, ಸಹಿ ಹಾಕುವುದು ಅವರಲ್ಲ. ಗಡಿಬಿಡಿಯಲ್ಲಿ ತಮ್ಮನ ಮಗನ ಹೆಸರಿಗೆ ಬರೆದುಬಿಡುವುದೂ ಬೇಡ. ನರ್ಸಿಂಗ್ ಆರೈಕೆಗೆ ಮೆಡಿಕೇಡ್ ಕೇಳಿದಾಗ ಹೆಚ್ಚಿನ ರಾಜ್ಯಗಳು ಹಿಂದಿನ 5 ವರ್ಷದ ಕೊಡುಗೆಗಳನ್ನು ನೋಡುತ್ತವೆ. ವಿಎ ಪೆನ್ಷನ್‌ಗೂ 2018ರ ಅಕ್ಟೋಬರ್‌ನಿಂದ 3 ವರ್ಷ ಹಿಂದಕ್ಕೆ ನೋಡುವ ನಿಯಮ ಇದೆ. ಈ ಒಂದು ವಿಷಯಕ್ಕೆ ಎಲ್ಡರ್ ಲಾ, ಅಂದರೆ ಹಿರಿಯರ ಆಸ್ತಿ ಆರೈಕೆಯ ವಿಷಯ ನೋಡುವ ವಕೀಲರಿಗೆ ದುಡ್ಡು ಕೊಡುವುದು ದಂಡವಲ್ಲ.

ಮೆಡಿಕೇರ್ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಮೂಲ ಮೆಡಿಕೇರ್‌ನಲ್ಲಿ, ಆಸ್ಪತ್ರೆಯಲ್ಲಿ ಒಳರೋಗಿಯಾಗಿ 3 ದಿನ ಇದ್ದ ಮೇಲೆ ನುರಿತ ನರ್ಸಿಂಗ್ ಆರೈಕೆಗೆ 100 ದಿನದವರೆಗೆ ಸಿಗುತ್ತದೆ. ಅದರಲ್ಲಿ ಪೂರ್ತಿ ಕೊಡುವುದು ಮೊದಲ 20 ದಿನಕ್ಕೆ. ಇದರಲ್ಲೊಂದು ಬಲೆ ಇದೆ. ಆಸ್ಪತ್ರೆಯವರು ಅಬ್ಸರ್ವೇಷನ್ (ಬರೀ ಗಮನಿಸಲು ಇಟ್ಟುಕೊಂಡಿದ್ದು) ಅಂತ ಬರೆದು ಮಲಗಿಸಿಕೊಂಡ ದಿನಗಳು ಆ 3ರ ಲೆಕ್ಕಕ್ಕೆ ಬರುವುದಿಲ್ಲ. ದಿನಾ ಬೆಳಗ್ಗೆ "ಇವರು ಇನ್‌ಪೇಷೆಂಟಾ, ಅಬ್ಸರ್ವೇಷನ್ನಾ?" ಅಂತ ಕೇಳಿ. ದೊಡ್ಡಪ್ಪನಿಗೆ ಆ ದಿನಗಳು ಒಳ್ಳೆಯ ಸೇತುವೆ ಆದವು. ಅಷ್ಟರಲ್ಲಿ ರಾಜ್ಯದ ಹೋಮ್‌ನ ಅರ್ಜಿ ಮುಂದೆ ಸಾಗಿತ್ತು.

ಹೆಜ್ಜೆ 5: ಹೋಗಿ ನೋಡಿ, ಹೇಳದೆ ಇನ್ನೊಮ್ಮೆ ಹೋಗಿ

ಬಾಗಿಲಲ್ಲಿ ಧ್ವಜ, ಗೋಡೆ ತುಂಬ ಪದಕ, ಎಲ್ಲರೂ ಸಲ್ಯೂಟ್ ಮಾಡುವುದು, ಇದನ್ನು ನೋಡಿ ಮರುಳಾಗಬೇಡಿ. ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಸೋಲ್ಜರ್ಸ್ ಹೋಮ್‌ನಲ್ಲೂ ಅವೆಲ್ಲ ಇದ್ದವು. 2020ರ ಮಾರ್ಚ್‌ನಲ್ಲಿ ಸಿಬ್ಬಂದಿ ಸಾಲದೆ ಮರೆವಿನ ಕಾಯಿಲೆಯವರ ಎರಡು ವಾರ್ಡುಗಳನ್ನು ಒಂದು ಮಾಡಿದರು. ಕೋವಿಡ್ ಬಂದವರೂ ಬರದವರೂ ಒತ್ತೊತ್ತಾಗಿ ಮಲಗಿದರು. ಕನಿಷ್ಠ 76 ಜನ ವೆಟರನ್‌ಗಳು ಸತ್ತರು. ಕುಟುಂಬಗಳಿಗೆ 5.6 ಕೋಟಿ ಡಾಲರ್ ಪರಿಹಾರ ಕೊಡಲು 2022ರಲ್ಲಿ ರಾಜ್ಯ ಒಪ್ಪಿತು. ನ್ಯೂಜೆರ್ಸಿಯ ಮೆನ್ಲೋ ಪಾರ್ಕ್ ಮತ್ತು ಪರಾಮಸ್ ಹೋಮ್‌ಗಳ ಬಗ್ಗೆ 2023ರಲ್ಲಿ ನ್ಯಾಯ ಇಲಾಖೆಯೇ ತನಿಖೆ ಮಾಡಿ, ಸೋಂಕು ತಡೆಯುವುದರಲ್ಲೂ ವೈದ್ಯಕೀಯ ಆರೈಕೆಯಲ್ಲೂ ಕೊರತೆ ಇದೆ ಅಂತ ಬರೆಯಿತು. ಒಳ್ಳೆಯ ಹೋಮ್‌ಗಳು ಬೇಕಾದಷ್ಟಿವೆ. ಆದರೆ ಯಾವುದು ಒಳ್ಳೆಯದು ಅಂತ ಬೋರ್ಡ್ ಹೇಳುವುದಿಲ್ಲ.

ಮೊದಲ ಸಲ ಹೇಳಿ ಹೋಗಿ. ವಿಎಯ ಹಿಂದಿನ ವರ್ಷದ ತಪಾಸಣಾ ವರದಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಒಂದು ಉತ್ತರ. ಮೆಡಿಕೇರ್‌ನವರ ಸ್ಟಾರ್ ಪಟ್ಟಿಯಲ್ಲಿ ಹೋಮ್‌ನ ಹೆಸರು ಇಲ್ಲದಿದ್ದರೆ ಗಾಬರಿ ಬೇಡ. ಮೆಡಿಕೇರ್, ಮೆಡಿಕೇಡ್ ಮಾನ್ಯತೆ ತೆಗೆದುಕೊಳ್ಳದ ರಾಜ್ಯ ಹೋಮ್‌ಗಳು ಆ ಪಟ್ಟಿಗೆ ಬರುವುದಿಲ್ಲ. ಅಂಥ ಕಡೆ ವಿಎ ವರದಿಯೇ ಮುಖ್ಯ.

ಎರಡನೇ ಸಲ ಹೇಳದೆ ಹೋಗಿ, ಭಾನುವಾರ ಸಂಜೆ ಊಟದ ಹೊತ್ತಿಗೆ. ನಾವು ನೋಡಿದ ಒಂದು ಹೋಮ್, ಹೆಸರು ಬೇಡ, ಬುಧವಾರ ಬೆಳಗ್ಗೆ ಹೂವಿನಂತಿತ್ತು. ಭಾನುವಾರ ಹೋದರೆ ನಾಲ್ಕು ಕೋಣೆಗಳ ಮೇಲೆ ಕರೆದೀಪ ಉರಿಯುತ್ತಿತ್ತು. ಗಡಿಯಾರ ನೋಡಿಕೊಂಡು ನಿಂತೆವು. ಮೊದಲನೆಯದು ಆರಲು 25 ನಿಮಿಷ ಹಿಡಿಯಿತು. ಇನ್ನೊಂದು ಕಡೆ ಕಟ್ಟಡ ಹಳೆಯದು, ಕಾರ್ಪೆಟ್ ಸವೆದಿತ್ತು, ಆದರೆ ನರ್ಸಿಂಗ್ ಸಹಾಯಕಿ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಕೇಳಿದರೆ 11 ವರ್ಷದಿಂದ ಅಲ್ಲೇ ಇದ್ದಾಳಂತೆ. ದೊಡ್ಡಪ್ಪ ಈಗ ಇರುವುದು ಅಲ್ಲಿ.

ಕೇಳಬೇಕಾದ ಪ್ರಶ್ನೆಗಳಲ್ಲಿ ನನಗೆ ಕೆಲಸಕ್ಕೆ ಬಂದದ್ದು ಇವು: ರಾತ್ರಿ ಒಬ್ಬ ಸಹಾಯಕರಿಗೆ ಎಷ್ಟು ಜನ? ಏಜೆನ್ಸಿಯಿಂದ ದಿನಗೂಲಿಗೆ ಬರುವವರು ಎಷ್ಟು? ಹೋಮನ್ನು ನಡೆಸುವುದು ರಾಜ್ಯವೇ, ಗುತ್ತಿಗೆ ಕಂಪನಿಯೇ? ಮರೆವು ಹೆಚ್ಚಾದರೆ ಇಲ್ಲೇ ಇಟ್ಟುಕೊಳ್ಳುತ್ತೀರಾ, ಬೇರೆ ಕಡೆ ಕಳಿಸುತ್ತೀರಾ?

ಊಟದ ವಿಷಯ ನಾಚಿಕೆ ಬಿಟ್ಟು ಕೇಳಿ. ಸಸ್ಯಾಹಾರಿ ಅಂದರೆ ಮೂರು ಹೊತ್ತು ಚೀಸ್ ಸ್ಯಾಂಡ್‌ವಿಚ್ ಕೊಡುವ ಅಡಿಗೆಮನೆಗಳಿವೆ. ಡಯಟೀಶಿಯನ್ ಜೊತೆ ಕೂತು, ಮೊಟ್ಟೆ ನಡೆಯುತ್ತಾ, ಕೋಳಿಯ ಸ್ಟಾಕ್ ಹಾಕಿದ ಸೂಪು ನಡೆಯುತ್ತಾ ಅಂತ ಬಿಡಿಸಿ ಬರೆಸಿ. ನಮ್ಮ ಕಡೆಯವರು ಮೊಸರನ್ನ ಡಬ್ಬಿ ಫ್ರಿಜ್‌ನಲ್ಲಿ ಇಡಲು ಒಪ್ಪಿದರು. ಅಷ್ಟಕ್ಕೇ ದೊಡ್ಡಪ್ಪನ ತೂಕ ಇಳಿಯುವುದು ನಿಂತಿತು.

ಹೆಜ್ಜೆ 6: ಅರ್ಜಿ

ಒಂದಕ್ಕಿಂತ ಹೆಚ್ಚು ಹೋಮ್‌ಗೆ ಅರ್ಜಿ ಹಾಕಿ. ಹಾಸಿಗೆಗೆ ಕಾಯುವ ಪಟ್ಟಿ ಇರುತ್ತದೆ, ಮರೆವಿನ ವಾರ್ಡಿಗೆ ಇನ್ನೂ ಉದ್ದ. ರಾಜ್ಯದ್ದೇ ಒಂದು ಅರ್ಜಿ. ಅದರ ಜೊತೆ ವಿಎಯ ಆರೋಗ್ಯ ಸೌಲಭ್ಯದ ಅರ್ಜಿ 10-10ಇಝಡ್, ಮತ್ತೆ ಡಾಕ್ಟರ್ ಸಹಿ ಇರುವ 10-10ಎಸ್‌ಎಚ್ ಫಾರ್ಮ್. ಈ ಎರಡನ್ನು ವಿಎಗೆ ಕಳಿಸುವುದು ಹೋಮ್‌ನ ಕೆಲಸ. ಸೇರಿದ 10 ದಿನದೊಳಗೆ ವಿಎ ಕೈ ಸೇರಿದರೆ ಸೇರಿದ ದಿನದಿಂದಲೇ ಹಣ ಲೆಕ್ಕವಾಗುತ್ತದೆ. ತಡವಾದರೆ ಆ ದಿನಗಳ ಬಗ್ಗೆ ತಕರಾರು ಶುರುವಾಗುತ್ತದೆ. ಹಾಗಾಗಿ ಏಳನೇ ದಿನ ಅಡ್ಮಿಷನ್ ಆಫೀಸಿಗೆ ಹೋಗಿ "ಕಳಿಸಿದ್ರಾ?" ಅಂತ ನಗುನಗುತ್ತಾ ಕೇಳಿ.

ಪವರ್ ಆಫ್ ಅಟಾರ್ನಿ, ಆರೋಗ್ಯದ ನಿರ್ಧಾರಕ್ಕೆ ಪ್ರತಿನಿಧಿ ಪತ್ರ, ಎರಡನ್ನೂ ಬುದ್ಧಿ ಚುರುಕಾಗಿರುವಾಗಲೇ ಮಾಡಿಸಿ. ಹಾಗೆ ಮಾಡಿಸಿದ ಪವರ್ ಆಫ್ ಅಟಾರ್ನಿ ಬ್ಯಾಂಕಿನಲ್ಲಿ ನಡೆಯುತ್ತದೆ, ವಿಎಯಲ್ಲಿ ನಡೆಯುವುದಿಲ್ಲ. ವೆಟರನ್‌ಗೆ ತನ್ನ ಹಣ ನೋಡಿಕೊಳ್ಳಲು ಆಗದಿದ್ದರೆ ವಿಎ ತಾನೇ ವಿಚಾರಿಸಿ ಒಬ್ಬ ಫಿಡ್ಯೂಶಿಯರಿಯನ್ನು, ಅಂದರೆ ಆ ಹಣ ನೋಡಿಕೊಳ್ಳುವ ಹೊಣೆಗಾರನನ್ನು ನೇಮಿಸುತ್ತದೆ. ಸರ್ಕಾರಿ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿಯವರದೂ ಬೇರೆ ದಾರಿ.

ಹೆಜ್ಜೆ 7: ಸೇರಿದ ಮೇಲೆ

14 ದಿನದೊಳಗೆ ಪೂರ್ತಿ ಪರೀಕ್ಷೆ ಮುಗಿಯಬೇಕು, ಅದಾದ ಮೇಲೆ 7 ದಿನದೊಳಗೆ ಆರೈಕೆಯ ಯೋಜನೆ ಬರೆಯಬೇಕು. ಆ ಮೀಟಿಂಗಿಗೆ ಮನೆಯವರು ಹೋಗಬಹುದು, ತಪ್ಪದೆ ಹೋಗಿ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡುತ್ತಾರೆ. ದೂರು ಇದ್ದರೆ ಮೊದಲು ವಾರ್ಡಿನ ಮುಖ್ಯ ನರ್ಸ್, ಆಮೇಲೆ ಅಡ್ಮಿನಿಸ್ಟ್ರೇಟರ್, ಅಲ್ಲೂ ಆಗದಿದ್ದರೆ ರಾಜ್ಯದ ಲಾಂಗ್ ಟರ್ಮ್ ಕೇರ್ ಆಂಬುಡ್ಸ್‌ಮನ್, ಅಂದರೆ ಇಂಥ ಹೋಮ್‌ಗಳ ದೂರು ವಿಚಾರಿಸುವವರು. ಅವರ ಸೇವೆಗೆ ಫೀಸಿಲ್ಲ.

ಭಾಷೆ ಬಗ್ಗೆ ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಐವತ್ತೈದು ವರ್ಷ ಇಂಗ್ಲಿಷಿನಲ್ಲಿ ರೋಗಿಗಳ ಜೊತೆ ಮಾತಾಡಿದ ಮನುಷ್ಯ, ಮರೆವು ಶುರುವಾದ ಮೇಲೆ ರಾತ್ರಿ ಹೊತ್ತು ಬರೀ ಕನ್ನಡ. ನರ್ಸ್ "ತಲೆ ಕೆಟ್ಟು ಏನೋ ಬಡಬಡಿಸುತ್ತಿದ್ದಾರೆ" ಅಂತ ಬರೆದಿದ್ದಳು. ಅವರು ಕೇಳುತ್ತಿದ್ದದ್ದು ನೀರು. ಆಮೇಲೆ ಒಂದು ಹಾಳೆಯಲ್ಲಿ ನೀರು, ನೋವು, ಬಚ್ಚಲು, ಚಳಿ, ಹಸಿವು, ಸಾಕು, ಹೀಗೆ ಇಪ್ಪತ್ತು ಶಬ್ದ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ ಬರೆದು ಹಾಸಿಗೆಯ ಮೇಲುಗಡೆ ಅಂಟಿಸಿದೆವು. ಈಗ ರಾತ್ರಿ ಪಾಳಿಯ ಫಿಲಿಪಿನೋ ನರ್ಸ್ "ನೀರು ಬೇಕಾ ಡಾಕ್ಟರ್?" ಅನ್ನುತ್ತಾಳೆ. ಉಚ್ಚಾರ ನಮ್ಮ ಮಕ್ಕಳಿಗಿಂತ ಚೆನ್ನಾಗಿದೆ.

ಇನ್ನು ಹಾಸಿಗೆ ಕಾಯುವ ಲೆಕ್ಕ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಸತತ 10 ದಿನದವರೆಗೆ ವಿಎ ಹೋಮ್‌ಗೆ ಹಣ ಕೊಡುತ್ತಲೇ ಇರುತ್ತದೆ. ಬೇರೆ ಕಾರಣಕ್ಕೆ ಹೊರಗೆ ಹೋದರೆ ವರ್ಷಕ್ಕೆ ಒಟ್ಟು 12 ದಿನ. ಎರಡಕ್ಕೂ ಹೋಮ್ ಶೇ 90ರಷ್ಟು ತುಂಬಿರಬೇಕು ಅನ್ನುವ ಷರತ್ತಿದೆ. ಆ ದಿನಗಳ ನಂತರ ಹಾಸಿಗೆ ಹಿಡಿದಿಡಲು ಏನು ಮಾಡುತ್ತಾರೆ ಅಂತ ಸೇರುವಾಗಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಾವು ಆ 12ನ್ನು ಜನವರಿಯಲ್ಲೇ ಹಂಚಿಬಿಡುತ್ತೇವೆ. ಯುಗಾದಿಗೆ 3, ಗೌರಿ ಗಣೇಶಕ್ಕೆ 3, ದೀಪಾವಳಿಗೆ 3. ಉಳಿದ 3 ದೊಡ್ಡಮ್ಮನ ಕೈಯಲ್ಲಿ, ಅವರಿಗೆ ಕರೆದುಕೊಂಡು ಬರಬೇಕು ಅನ್ನಿಸಿದಾಗ.